‘ಬೀಜದಲ್ಲಿ ಮಾತ್ರ’ ಎಂಬ ಶೇಂಗಾಸಮರದ ವೃತ್ತಾಂತ

ಸ್ವಸ್ತಿ! ಮೈನಸ್ ಎಂಬತ್ತರ ಘೋರಶೈತ್ಯದಲ್ಲಿ ನೆಲೆಸಿ, ಸಮಸ್ತ ಸಂಶೋಧಕಕುಲದ ಎಲೆ, ಬೇರು, ಹೂವು, ಕಾಯಿಗಳನ್ನು ವರ್ಷಾನುಗಟ್ಟಲೆ ಕೆಡದಂತೆ ಕಾಪಾಡುವವಳೂ, ಕರೆಂಟು ಹೋದ ಕ್ಷಣದಿಂದ ಮುನಿದು ಹನಿಹನಿಯಾಗಿ ಕರಗುವವಳೂ, ಬಾಗಿಲನ್ನು ಸರಿಯಾಗಿ ಹಾಕದವನ ಪದವಿಯನ್ನೇ ನುಂಗಿ ನೀರು ಕುಡಿಯುವವಳೂ ಆದ ಹೇ ಶೀತಲಪೇಟಿಕಾಧೀಶ್ವರಿ, ಮಹಾಫ್ರೀಜರಮ್ಮಾ! ಮೊದಲ ನಮಸ್ಕಾರ ನಿನಗೆ. ನನ್ನ ನಾಲಗೆಯನ್ನಾದರೂ ಕರಗಿಸು, ಒಳಗಿರುವ ಮಾತೆಲ್ಲ ಹೊರಗೆ ಬರಲಿ.

ಅರ್ಜಿ ಬರೆದವನೇ ಋಷಿ, ಅನುದಾನ ತಂದವನೇ ಚಕ್ರವರ್ತಿ, ಪತ್ರಿಕೆಯಲ್ಲಿ ಹೆಸರು ಅಚ್ಚಾದವನೇ ಚಿರಂಜೀವಿ ಎಂದು ಮೂರು ಲೋಕಗಳೂ ಒಪ್ಪಿಕೊಂಡಿರುವ ಈ ಸಂಶೋಧನಾಯುಗದಲ್ಲಿ, ಬಯಲುಸೀಮೆಯ ಒಂದು ಕೃಷಿ ವಿದ್ಯಾಲಯದಲ್ಲಿ, ಹೆಸರು ಹೇಳಿದರೆ ನನ್ನ ಮೇಲೆ ಕಣ್ಣು ಕೆಂಪಗೆ ಮಾಡುವವರಿರುವುದರಿಂದ ಹೆಸರು ಹೇಳದ ಆ ವಿದ್ಯಾಲಯದಲ್ಲಿ, ಸಸ್ಯಜೀವತಂತ್ರಜ್ಞಾನವೆಂಬ ವಿಭಾಗದ ಮೊದಲ ಮಹಡಿಯಲ್ಲಿ ನಡೆದ ಘನಘೋರ ಸಮರವನ್ನು ಹೇಳುತ್ತೇನೆ, ಕೇಳಿ. ನಡುವೆ ಎದ್ದು ಚಹಾ ಕುಡಿಯಲು ಹೋಗುವವರು ಈಗಲೇ ಹೋಗಿ ಬನ್ನಿ. ಆಮೇಲೆ ಬಂದು ‘ಬೇರು ಯಾರ ಪಾಲಿಗೆ, ಬೀಜ ಯಾರ ಪಾಲಿಗೆ’ ಎಂದು ಕೇಳಿದರೆ ನಾನು ಮತ್ತೆ ಮೊದಲಿನಿಂದ ಹೇಳುವವನಲ್ಲ.

ಈ ಕಥೆಯ ನಾಯಕಿ ಯಾರೆಂದರೆ, ಸೂಕ್ಷ್ಮಬಿಂದುನಿಪಾತನಚತುರೆ, ನೀಲವರ್ಣಕೈಗವಸುವಿಭೂಷಿತೆ, ಅಸಂಖ್ಯಾತಜೆಲ್‌ವೀಕ್ಷಣಕ್ಲಾಂತನಯನೆ, ಹಾಸ್ಟೆಲಿನ ತಿಳಿಸಾರೆಂಬ ಅಪಾರಸಾಗರದಲ್ಲಿ ಬೇಳೆಯೆಂಬ ದ್ವೀಪವನ್ನು ಹುಡುಕುತ್ತ ಯೌವನವನ್ನು ಕಳೆದ ಧೀರೆ ದಾಕ್ಷಾಯಣಿ ಕಟ್ಟೀಮನಿ. ಅವಳ ಕೈಯಲ್ಲಿ ಗದೆಯಿಲ್ಲ, ಧನುಸ್ಸಿಲ್ಲ. ಪಿಪೆಟ್ ಎಂಬ ಆಯುಧವಿತ್ತು. ಒಂದು ಹನಿಯ ಸಾವಿರದಲ್ಲೊಂದು ಪಾಲನ್ನು ಅಳೆದು ಬಿಡುವ ಆ ಆಯುಧವನ್ನು ಅವಳು ಹಿಡಿದು ನಿಂತರೆ ಪಕ್ಕದಲ್ಲಿ ಯಾರೂ ಸೀನುವಂತಿರಲಿಲ್ಲ.

ಅವಳ ತಪಸ್ಸು ಯಾವುದರ ಮೇಲೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಿಡದ ಕಣಕಣದಲ್ಲಿಯೂ ಎಲ್ಲ ಜೀನುಗಳೂ ಇರುತ್ತವೆ. ಬೇರಿನಲ್ಲಿ ಇದ್ದದ್ದೇ ಎಲೆಯಲ್ಲಿಯೂ ಇದೆ, ಹೂವಿನಲ್ಲಿಯೂ ಇದೆ. ಆದರೆ ಇರುವುದು ಬೇರೆ, ದುಡಿಯುವುದು ಬೇರೆ. ನಮ್ಮ ವಿಭಾಗವನ್ನೇ ನೋಡಿ, ಎಲ್ಲರೂ ಇದ್ದಾರೆ! ಒಂದೊಂದು ಜೀನು ಒಂದೊಂದು ಅಂಗದಲ್ಲಿ ಎಚ್ಚರಗೊಂಡು ಕೆಲಸ ಮಾಡುತ್ತದೆ, ಉಳಿದ ಕಡೆ ಮುಸುಕು ಹೊದ್ದು ಮಲಗುತ್ತದೆ. ಇನ್ನು ಪ್ರೋಟೀನಿನ ವಿಷಯ. ಅದು ಹುಟ್ಟಿದ ಕೂಡಲೇ ಉಪಯೋಗಕ್ಕೆ ಬರುವುದಿಲ್ಲ. ಅಂಗಡಿಯಿಂದ ತಂದ ಥಾನು ಬಟ್ಟೆಯನ್ನು ಹಾಗೆಯೇ ಮೈಗೆ ಸುತ್ತಿಕೊಂಡು ಮದುವೆಗೆ ಹೋಗಲಾದೀತೇ? ಅಳತೆ ನೋಡಿ ಕತ್ತರಿಸುವವರು ಬೇಕು. ಶೇಂಗಾದ ಬೀಜದಲ್ಲಿ ಕೂಡಿಡಬೇಕಾದ ಪ್ರೋಟೀನನ್ನು ಹಾಗೆ ಅಳತೆಗೆ ಕತ್ತರಿಸಿ ಕೊಡುವ ಒಂದು ಕಿಣ್ವವುಂಟು. ಆ ಕಿಣ್ವವನ್ನು ಮಾಡಿಸುವ ಜೀನಿಗೆ ದೊಡ್ಡ ಪತ್ರಿಕೆಗಳಲ್ಲಿ ಉಸಿರು ಕಟ್ಟುವಷ್ಟು ಉದ್ದದ ಹೆಸರಿದೆ. ವಿಭಾಗದವರು ಅದನ್ನು ‘ಕತ್ತರಿ’ ಎಂದು ಕರೆಯುತ್ತಿದ್ದರು.

ಕತ್ತರಿ ಜೀನು ಶೇಂಗಾ ಗಿಡದ ಬೀಜದಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆ, ಬೇರು, ಕಾಂಡ, ಎಲೆ, ಹೂವುಗಳಲ್ಲಿ ಮಲಗಿರುತ್ತದೆ. ಇದು ದಾಕ್ಷಾಯಣಿಯ ಪಿಎಚ್‌ಡಿ ಪ್ರಬಂಧದ ಸಾರ. ಆ ‘ಮಾತ್ರ’ ಎಂಬ ಒಂದು ಶಬ್ದದ ಮೇಲೆ ಅವಳ ಇಡೀ ಪ್ರಬಂಧ ನಿಂತಿತ್ತು, ಪ್ರಬಂಧದ ಮೇಲೆ ಅವಳ ನೌಕರಿ ನಿಂತಿತ್ತು. ತಿಂಗಳು ಮುಗಿಯುವುದರೊಳಗೆ ಪ್ರಬಂಧ ಸಲ್ಲಿಸಿದರೆ ದೂರದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಅವಳದು. ಸಲ್ಲಿಸದಿದ್ದರೆ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ, ಇವಳು ಮತ್ತೆ ಮುಂಗಾರು ಕಾಯಬೇಕು, ಮತ್ತೆ ಶೇಂಗಾ ಬಿತ್ತಬೇಕು, ಮತ್ತೆ ಆ ತಿಳಿಸಾರು. ಸೋಮವಾರ ವಿದ್ಯಾಲಯದ ಹಿರಿಯರೆಲ್ಲರ ಮುಂದೆ ಪ್ರಬಂಧವನ್ನು ಒಪ್ಪಿಸಬೇಕಿತ್ತು. ಅವರು ಹೂಂ ಎಂದರೆ ಸಲ್ಲಿಕೆ, ಊಹೂಂ ಎಂದರೆ ಮುಂಗಾರು.

ಹೀಗಿರುವಾಗ ಮಂಗಳವಾರದಂದು ಮುಂಜಾನೆಯ ಚಹಾದ ಹೊತ್ತಿಗೆ ಪ್ರತಿನಾಯಕನ ಪ್ರವೇಶವಾಯಿತು. ಆತನೇ ಮೂಲಸಾಮ್ರಾಜ್ಯಸಾರ್ವಭೌಮ, ಮೃತ್ತಿಕಾಲಿಪ್ತಜಾನುದ್ವಯ, ಜೋಳದ ಬೇರುಗಳನ್ನು ತೊಳೆತೊಳೆದು ಎಂಎಸ್ಸಿ ಗೆದ್ದವನೂ, ಈಗ ಶೇಂಗಾದ ಬೇರುಗಳನ್ನು ತೊಳೆತೊಳೆದು ಡಾಕ್ಟರಾಗಹೊರಟವನೂ ಆದ ಶ್ರೀಶೈಲ ಕಡಪಟ್ಟಿ. ದಾಕ್ಷಾಯಣಿಗಿಂತ ಒಂದು ವರ್ಷ ಹಿರಿಯ. ಬೇರಿನಲ್ಲಿ ಯಾವ ಯಾವ ಜೀನು ಎದ್ದಿದೆ ಎಂದು ಕದ ತಟ್ಟಿ ನೋಡುವುದು ಅವನ ಕಸುಬು. ಹಿಂದಿನ ದಿನ ತನ್ನ ಬೇರಿನ ಮಾದರಿಯಲ್ಲಿ ಸುಮ್ಮನೆ ಕತ್ತರಿಯ ಕದವನ್ನೂ ತಟ್ಟಿ ನೋಡಿದ್ದ. ಅದು ಯಾಕೆ ಬೇಕಿತ್ತೋ ಆ ಮಹಾನುಭಾವನಿಗೆ!

ಅವನು ಜೆಲ್‌ನ ಚಿತ್ರವನ್ನು ಧ್ವಜದಂತೆ ಎತ್ತಿ ಹಿಡಿದು ಘರ್ಜಿಸಿದನು: “ಎಲೆಲೇ ಬೀಜಪಕ್ಷಪಾತಿನಿಯೇ! ನಿನ್ನ ಕತ್ತರಿಯು ಬೀಜವೆಂಬ ಅಂತಃಪುರವನ್ನು ಬಿಟ್ಟು ಹೊರಗೆ ಕಾಲಿಡದ ಅಸೂರ್ಯಂಪಶ್ಯೆಯೆಂದು ಲೋಕಕ್ಕೆಲ್ಲ ಸಾರಿದೆಯಷ್ಟೆ? ಇಗೋ ನೋಡು! ಪಾತಾಳದ ಕತ್ತಲೆಯಲ್ಲಿ, ನನ್ನ ಬೇರುಗಳ ಆಸ್ಥಾನಮಂಟಪದಲ್ಲಿ, ಅವಳು ಕಾಲ ಮೇಲೆ ಕಾಲು ಹಾಕಿಕೊಂಡು ವಿರಾಜಿಸುತ್ತಿರುವಳು! ನಿನ್ನ ‘ಮಾತ್ರ’ವನ್ನು ಮಡಚಿ ಸಂಚಿಯಲ್ಲಿಟ್ಟುಕೋ!”

ಹೀಗೆಂದು ಗಾಯಕನಾದ ನಾನು ಹೇಳಬೇಕು, ಅದು ನನ್ನ ಹೊಟ್ಟೆಪಾಡು. ಅವನ ಬಾಯಿಂದ ಬಂದದ್ದು ಇಷ್ಟೇ:

“ದಾಕ್ಷಾಯಣಿ, ಇಲ್ಲಿ ನೋಡವಾ. ನಿನ್ನ ಕತ್ತರಿ ನಮ್ಮ ಬೇರಿನ್ಯಾಗ ಬಂದೈತಿ.”

ಜೀನು ಎಚ್ಚರವಿದ್ದರೆ ಅದರ ನಕಲಾದ ಆರ್‌ಎನ್‌ಎ ಹುಟ್ಟಿ, ಜೆಲ್‌ನಲ್ಲಿ ಆ ಅಂಗದ ಸಾಲಿನಲ್ಲಿ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ, ಮಲಗಿದ್ದರೆ ಕತ್ತಲೆ. ಬೇರಿನ ಸಾಲಿನಲ್ಲಿ ಪಟ್ಟಿ ಹೊಳೆಯುತ್ತಿತ್ತು. ತೆಳ್ಳಗೆ, ಆದರೆ ಸ್ಪಷ್ಟವಾಗಿ. ದಾಕ್ಷಾಯಣಿಯ ಎದೆ ಧಸಕ್ಕೆಂದಿತು. ಧಸಕ್ಕೆಂದ ಎದೆಯನ್ನು ಮುಚ್ಚಿಕೊಳ್ಳಲು ಸಿಟ್ಟಿಗಿಂತ ಒಳ್ಳೆಯ ಸೆರಗು ಯಾವುದಿದೆ? ಅವಳು ಎದ್ದು ನಿಂತು, ಪಿಪೆಟ್ಟನ್ನು ಝಳಪಿಸಿ, “ಎಲವೋ ಕರ್ದಮಪ್ರಿಯನೇ! ಕಲುಷಿತದ್ರಾವಣಪೋಷಕನೇ! ನಿನ್ನ ಮಲಿನಹಸ್ತದಲ್ಲಿ ಹುಟ್ಟಿದ ಆ ಪಟ್ಟಿಯು ಪಟ್ಟಿಯಲ್ಲ, ನಿನ್ನ ಅಜಾಗರೂಕತೆಯ ಹಣೆಬರಹ! ಅಪರಿಶುದ್ಧವಾದ ಆರ್‌ಎನ್‌ಎಯಲ್ಲಿ ಅಪಕೀರ್ತಿಯಲ್ಲದೆ ಮತ್ತೇನು ಹೊಳೆದೀತು?” ಎಂದು ನುಡಿದಳು. ಅಂದರೆ,

“ಅಣ್ಣಾ, ನೀ ಕೈ ತೊಳಕೊಂಡಿದ್ದೇನು? ಹೊಲಸು ಮಾಡೀರಬೇಕು. ನಿನ್ನ ಆರ್‌ಎನ್‌ಎದಾಗ ಡಿಎನ್‌ಎ ಕೂಡೈತಿ, ಅದರಾಗ ಮಲಗಿದ ಜೀನೂ ಹೊಳೀತೈತಿ.”

ಸಮಾಧಾನವಿದ್ದಾಗ ಅವಳು ಅವನನ್ನು ‘ಅಣ್ಣಾ, ನೀವು’ ಎನ್ನುತ್ತಿದ್ದಳು. ಸಿಟ್ಟು ಬಂದರೆ ‘ಅಣ್ಣಾ’ ಉಳಿಯುತ್ತಿತ್ತು, ‘ನೀವು’ ಹೋಗುತ್ತಿತ್ತು. ಅದು ಹೋದದ್ದನ್ನು ಕಂಡು ಪಕ್ಕದ ಬೆಂಚಿನ ಎಂಎಸ್ಸಿ ವಿದ್ಯಾರ್ಥಿಗಳು ಚಹಾದ ಲೋಟಗಳನ್ನು ಹಿಡಿದು ಹತ್ತಿರ ಸರಿದರು.

“ನಾ ಏನ್ ನಿನ್ನೆ ಮೊನ್ನೆ ಬಂದಾಂವ ಅಂತ ತಿಳದಿಯೇನು?” ಎಂದ ಶ್ರೀಶೈಲ. “ಎಲ್ಲಾ ಶುದ್ಧ ಮಾಡೇನಿ. ಎರಡ ಸರ್ತಿ ಮಾಡೇನಿ. ನಿನ್ನ ಬೇರರೆ ಎಲ್ಲಿವು? ಕುಂಡದಾಗಿನ ಸಸಿಯವು. ಹೂ ಸುದ್ದಾ ಬಿಟ್ಟಿಲ್ಲ ಅವು. ಹಾಲು ಕುಡಿಯೋ ಕೂಸಿನ ಬಾಯಾಗ ಹಲ್ಲ ಹುಡುಕಿ, ಮನಶ್ಯಾಗ ಹಲ್ಲಽ ಇಲ್ಲ ಅಂತ ಬರದಂಗಾತು! ನನ್ನ ಬೇರು ಹೊಲದಾಗ ಬೆಳದ ಗಿಡದ್ದು, ಬಲಿತ ಬೇರು.”

ಈ ಮಾತು ನಾಟಿತು. ಏಕೆಂದರೆ ಅದರಲ್ಲಿ ಅರ್ಧ ಸತ್ಯವಿತ್ತು, ಪೂರ್ತಿ ಸುಳ್ಳಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಅವಳು ಬೇರನ್ನು ತೆಗೆದದ್ದು ಕುಂಡದ ಎಳೆಯ ಸಸಿಗಳಿಂದಲೇ. ಬಲಿತ ಬೇರಿನಲ್ಲಿ ಕತ್ತರಿ ಎದ್ದರೆ ‘ಮಾತ್ರ’ದ ಕಥೆ ಮುಗಿದಂತೆ. ಅವಳು ಚಿತ್ರವನ್ನು ಕಿತ್ತುಕೊಂಡು ಗುರುಗಳ ಕೋಣೆಗೆ ನಡೆದಳು, ಅವನು ಹಿಂದೆಯೇ ನಡೆದ, ಲೋಟಗಳೂ ಹಿಂಬಾಲಿಸಿದವು.

ಇಬ್ಬರಿಗೂ ಗುರು ಒಬ್ಬರೇ. ಉಭಯಪಕ್ಷಶಿರಶ್ಚಾಲನಪಟು, ನಿರ್ಣಯಭೀರು, ಸಕಲಸಮಿತಿಸದಸ್ಯ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಮಹಾಮಂತ್ರವನ್ನು ಜಪಿಸಿ ಪ್ರಾಧ್ಯಾಪಕಪೀಠವನ್ನೇರಿದ ಪ್ರಹ್ಲಾದರಾವ್ ಗಲಗಲಿಯವರು. ಅವರು ಚಿತ್ರವನ್ನು ಒಮ್ಮೆ ನೆಟ್ಟಗೆ ಹಿಡಿದು ನೋಡಿದರು, ಒಮ್ಮೆ ತಲೆಕೆಳಗು ಮಾಡಿ ನೋಡಿದರು. ದಾಕ್ಷಾಯಣಿ ಹೇಳುವಾಗ ಅವಳ ಕಡೆ ತಲೆಯಾಡಿಸಿದರು, ಶ್ರೀಶೈಲ ಹೇಳುವಾಗ ಇವನ ಕಡೆ ತಲೆಯಾಡಿಸಿದರು. ಕೊನೆಗೆ ಗೋಡೆಯ ಕಡೆಗೂ ಒಮ್ಮೆ ಆಡಿಸಿ ಅಪ್ಪಣೆ ಕೊಟ್ಟರು.

“ಜಗಳಾಡಬ್ಯಾಡ್ರಿ. ಇಬ್ರೂ ಕೂಡಿ ಮತ್ತೊಮ್ಮೆ ಮಾಡ್ರಿ. ಒಂದ ಹೊಲ, ಒಂದ ಸಾಲಿನ ಗಿಡ, ಒಂದ ಜೆಲ್. ಏನ ಬರ್ತದೋ ಅದ ಖರೆ. ಮತ್ತ ಒಬ್ರ ಮಾದರಿ ಇನ್ನೊಬ್ರು ಮುಟ್ಟಬ್ಯಾಡ್ರಿ. ನಾಳೆ ಅಂವ ಕೆಡಿಸ್ದಾ, ಇಕಿ ಕೆಡಿಸಿದ್ಲು ಅಂತ ನನ್ನ ಮುಂದ ಬರಬಾರದು ನೋಡ್ರಿ.”

“ಬೇರಿನ್ಯಾಗ ಬಂದ್ರ ಏನ್ ಮಾಡೋದ್ರಿ ಸರ್? ಸೋಮವಾರ ಐತ್ರಿ,” ಎಂದಳು ದಾಕ್ಷಾಯಣಿ.

“ಬಂದ್ರ ನೋಡೂಣಂತ. ಬರದಿದ್ರೂ ನೋಡೂಣಂತ,” ಎಂದರು ಗಲಗಲಿಯವರು. ಬರಲಿ ಬರದಿರಲಿ ನೋಡುವ ಶಕ್ತಿ ಆ ಮಹಾಪುರುಷರೊಬ್ಬರಿಗೇ ಇತ್ತು.

ಹೀಗೆ ಧರ್ಮಯುದ್ಧದ ಕಟ್ಟಳೆಯಾಯಿತು. ಮಣ್ಣಿನ ಕೆಳಗಿನದೆಲ್ಲ ಶ್ರೀಶೈಲನ ರಾಜ್ಯ, ಮಣ್ಣಿನ ಮೇಲಿನ ಎಲೆ, ಕಾಂಡ, ಹೂವುಗಳೂ ಸುಲಿದ ಬೀಜಗಳೂ ದಾಕ್ಷಾಯಣಿಯ ರಾಜ್ಯ. ಗಡಿಯನ್ನು ಯಾರೂ ದಾಟತಕ್ಕದ್ದಲ್ಲ.

ಬುಧವಾರ ಬೆಳಗ್ಗೆ, ಅರುಣನ ಕುದುರೆಗಳು ಇನ್ನೂ ಹುಲ್ಲು ಮೇಯುತ್ತಿರುವಾಗ, ಉಭಯಸೇನೆಗಳೂ ಪ್ರಯೋಗಕ್ಷೇತ್ರದ ಕೆಂಪುಮಣ್ಣಿನ ಮಸಾರಿ ಹೊಲಕ್ಕೆ ಇಳಿದವು. ಪ್ಲಾಸ್ಟಿಕ್ ಬಕೆಟ್ಟುಗಳೆಂಬ ರಣಭೇರಿಗಳು ಒಂದಕ್ಕೊಂದು ತಾಗಿ ಢಣಢಣಿಸಿದವು. ಗುರುಗಳು ತಲೆಗೆ ಟವೆಲ್ ಸುತ್ತಿಕೊಂಡು ಬದುವಿನ ಮೇಲೆ ನಿಂತರು. ಶ್ರೀಶೈಲನು ಬಗ್ಗಿ, ಗಿಡದ ಬುಡಕ್ಕೆ ಕೈ ಹಾಕಿ, “ಹೂಂ!” ಎಂದು ಭೂಮಾತೆಯ ಕರುಳನ್ನೇ ಕೀಳುವವನಂತೆ ಒಂದು ಗಿಡವನ್ನು ಕಿತ್ತನು. ಮಣ್ಣು ಉದುರಿತು. ಬುಡದಲ್ಲಿ ಗೊಂಚಲು ಗೊಂಚಲು ಹಸಿ ಕಾಯಿ.

ಈಗ ಸ್ವಲ್ಪ ತಡೆಯಿರಿ. ಸಸ್ಯವಿಜ್ಞಾನದ ಯಾವ ಗ್ರಂಥದಲ್ಲಿಯೂ ಬರೆದಿರದ, ಆದರೆ ಈ ಸೀಮೆಯ ನೀರು ಕುಡಿದ ಯಾವನೂ ಮೀರದ ಒಂದು ಧರ್ಮವಿದೆ. ಶೇಂಗಾ ಗಿಡ ಕಿತ್ತರೆ ಕಾಯಿ ಹರಿದು ಬಾಯಿಗೆ ಹಾಕಿಕೊಳ್ಳಬೇಕು. ಅದಕ್ಕೆ ಅಪ್ಪಣೆ ಬೇಕಿಲ್ಲ, ಹಸಿವೂ ಬೇಕಿಲ್ಲ. ಎಂಎಸ್ಸಿ ಸೇನೆ ಮುಗಿಬಿದ್ದಿತು. ದಾಕ್ಷಾಯಣಿ ತನ್ನ ಬೀಜದ ಮಾದರಿಗೆ ಬೇಕಾದ ಬಲಿತ ಕಾಯಿಗಳನ್ನು ಬಡಿದಾಡಿ ಉಳಿಸಿಕೊಂಡಳು. ಉಳಿದದ್ದೆಲ್ಲ ಕಟಕ್, ಪಟಕ್ ಎಂದು ಸಿಡಿದು ಸೇನೆಯ ಉದರವನ್ನು ಸೇರಿತು. ಗಲಗಲಿಯವರು ಅಂಗಿಯ ಜೇಬಿನಿಂದ ಬೆಲ್ಲದ ತುಂಡನ್ನು ತೆಗೆದದ್ದನ್ನು ನೋಡಿದರೆ, ಅವರು ಬದುವಿನ ಮೇಲೆ ನಿಂತದ್ದು ಮೇಲ್ವಿಚಾರಣೆಗಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು.

“ಸಿಹಿ ಅದಾವಲ್ಲಽ ಈ ವರ್ಷ!” ಎಂದರು ಅವರು, ಸಿಪ್ಪೆ ಉಗುಳುತ್ತ.

ಹೀಗಾಗಿ ಗಿಡಗಳು ಬಕೆಟ್ಟಿಗೆ ಬರುವಷ್ಟರಲ್ಲಿ ಅವುಗಳ ಬುಡದಲ್ಲಿ ಕಾಯಿಯೆಂಬುದೇ ಕಣ್ಣಿಗೆ ಬೀಳುತ್ತಿರಲಿಲ್ಲ. ಶ್ರೀಶೈಲನು ಅವನ್ನು ನೀರಿನಲ್ಲಿ ಅದ್ದಿ, ಜೋಳದ ಬೇರನ್ನು ತೊಳೆದ ಅದೇ ಭಕ್ತಿಯಿಂದ ತೊಳೆದು, ನೆಲಮಟ್ಟದಲ್ಲಿ ಕಚಕ್ಕೆಂದು ಕತ್ತರಿಸಿ, ಕೆಳಗಿನ ಪಾಲನ್ನು ಗುಡಾರದಂತೆ ಮಡಚಿ ತನ್ನ ಡಬ್ಬಿಗೆ ತುಂಬಿದನು. ಉಳಿದ ಗಿಡಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬೇಕಾದರೆ ಇರಲಿ ಎಂದು ಪ್ರಯೋಗಾಲಯಕ್ಕೆ ತಂದರು.

ಬಳಿಕ ಮಹಾಸಂಗ್ರಾಮ. ದ್ರವಸಾರಜನಕವು ಕ್ಯಾನಿನಿಂದ ಬುಸುಗುಟ್ಟಿ ಇಳಿದು ಇಡೀ ಕೋಣೆಯನ್ನು ಹೊಗೆಯಿಂದ ತುಂಬಿತು. ಆ ಹೊಗೆಯ ನಡುವೆ ಒಂದು ಮೂಲೆಯಲ್ಲಿ ಶ್ರೀಶೈಲನು ಬೇರನ್ನು ಖಲಬತ್ತಿನಲ್ಲಿ ಹಾಕಿ ಜಜ್ಜಿದನು, ಇನ್ನೊಂದು ಮೂಲೆಯಲ್ಲಿ ದಾಕ್ಷಾಯಣಿ ಬೀಜವನ್ನು ಜಜ್ಜಿದಳು. ಜಜ್ಜುವ ಸದ್ದಿಗೆ ಕೆಳಗಿನ ಮಹಡಿಯ ಕೀಟಶಾಸ್ತ್ರದವರು ಮೇಲೆ ಯಾರೋ ಚಟ್ನಿ ಅರೆಯುತ್ತಿದ್ದಾರೆಂದು ತಿಳಿದರು. ಸೆಂಟ್ರಿಫ್ಯೂಜ್ ಎಂಬ ಚಕ್ರವು ಸುದರ್ಶನವನ್ನೇ ನಾಚಿಸುವಂತೆ ಗಿರಗಿರನೆ ತಿರುಗಿ, ತಿರುಗುತ್ತ ತಿರುಗುತ್ತ ತಾನಿದ್ದ ಮೇಜನ್ನು ಗೋಡೆಯವರೆಗೆ ತಳ್ಳಿತು. ಇಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಉಗುಳು ಹಾರುತ್ತದೆ, ಉಗುಳು ಹಾರಿದರೆ ಆರ್‌ಎನ್‌ಎ ಕೆಡುತ್ತದೆ. ದ್ವೇಷಕ್ಕೆ ಇಷ್ಟು ಶುಚಿಯಾದ ಜಾಗ ಬೇರೆಲ್ಲಿ ಸಿಕ್ಕೀತು?

ಶುಕ್ರವಾರ ಮುಂಜಾನೆ ಜೆಲ್ ಸಿದ್ಧವಾಯಿತು. ಕತ್ತಲಕೋಣೆಯಲ್ಲಿ ಗುರುಗಳೂ ಶಿಷ್ಯರೂ ಲೋಟಗಳೂ ಸೇರಿದರು. ನೇರಳಾತೀತ ದೀಪ ಹತ್ತಿತು. ಎಲೆಯ ಸಾಲು ಕತ್ತಲೆ. ಕಾಂಡದ ಸಾಲು ಕತ್ತಲೆ. ಹೂವಿನದೂ ಕತ್ತಲೆ. ಬೀಜದ ಸಾಲಿನಲ್ಲಿ ದಪ್ಪ ಪಟ್ಟಿ ಧಗಧಗಿಸುತ್ತಿತ್ತು. ಬೇರಿನ ಸಾಲಿನಲ್ಲಿ…

“ಬಂತ್ ನೋಡ್ರಿ!” ಎಂದು ಶ್ರೀಶೈಲ ಕೂಗಿದ.

ಬಂದಿತ್ತು. ತೆಳ್ಳಗೆ, ಆದರೆ ಸ್ಪಷ್ಟವಾಗಿ. ಗಲಗಲಿಯವರು ತಲೆಯಾಡಿಸಿದರು. ಕತ್ತಲೆಯಲ್ಲಿ ಯಾರ ಕಡೆ ಆಡಿಸಿದರೆಂದು ತಿಳಿಯಲಿಲ್ಲ. “‘ಮಾತ್ರ’ ತಗದು ‘ಹೆಚ್ಚಾಗಿ’ ಅಂತ ಹಾಕವಾ,” ಎಂದರು. “ಆದ್ರ ಹೆಚ್ಚಾಗಿ ಅಂದ್ರ ಅದರಾಗ ಹೊಸಾದೇನದ, ಅದನ್ನ ಹಿಂದಿನವ್ರೆಲ್ಲಾ ಹೇಳ್ಯಾರಲ್ಲಾ ಅಂತ ಸೋಮವಾರ ಕೇಳ್ತಾರ. ಅದನೂ ವಿಚಾರ ಮಾಡು.” ಹೀಗೆ ಶಿಷ್ಯೆಗೆ ಒಂದು ಕೈಯಿಂದ ಹಗ್ಗ ಕೊಟ್ಟು ಇನ್ನೊಂದು ಕೈಯಿಂದ ಬಾವಿಯನ್ನೂ ತೋರಿಸಿ, ಅವರು ಒಂದು ಸಮಿತಿಯ ಸಭೆಗೆ ಹೋದರು.

ದಾಕ್ಷಾಯಣಿ ತನ್ನ ಮೇಜಿಗೆ ಹೋಗಿ ಕಂಪ್ಯೂಟರಿನಲ್ಲಿ ಪ್ರಬಂಧವನ್ನು ತೆರೆದಳು. ‘ಬೀಜದಲ್ಲಿ ಮಾತ್ರ’ ಎಂಬ ಕಡೆ ಬೆರಳಿಟ್ಟು ಕೂತಳು. ಅಳಿಸುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕಿತ್ತು, ಕೈ ಬರಲಿಲ್ಲ. ಅವಳಿಗೆ ಅಳು ಬಂತು. ಇದರಲ್ಲಿ ಅಣಕವಿಲ್ಲ, ನಾನೂ ಮನುಷ್ಯನೇ. ಹುಡುಗಿ ನಿಜವಾಗಿಯೂ ಅತ್ತಳು, ಕೈಗವಸು ಹಾಕಿದ ಕೈಯಿಂದ ಕಣ್ಣು ಒರೆಸಬಾರದೆಂಬ ನಿಯಮ ನೆನಪಿದ್ದುದರಿಂದ ಮೊಣಕೈಯಿಂದ ಒರೆಸಿಕೊಂಡಳು.

ಗೆದ್ದವನಾದರೂ ಏನು ಸುಖಪಟ್ಟ? ಶ್ರೀಶೈಲ ಸ್ವಲ್ಪ ಹೊತ್ತು ಮೀಸೆ ತಿರುವಿದ. ಆಮೇಲೆ ಅವಳ ಬೆನ್ನು ಅಲುಗುವುದನ್ನು ಕಂಡ. ಮೀಸೆ ತಾನಾಗಿಯೇ ಕೆಳಗಿಳಿಯಿತು. ಹೋಗಿ ಚಹಾ ತಂದು ಅವಳ ಮೇಜಿನ ಮೇಲಿಟ್ಟ.

“ಕುಡಿ. ಆರಿ ಹೊಕ್ಕೈತಿ.”

“ನೀನಽ ಕುಡಿ.”

“ನಾ ಏನ್ ಬೇಕಂತ ಮಾಡೇನೇನು? ಬಂದದ್ದ ಹೇಳೇನಿ. ನನ್ನ ಜಾಗಾದಾಗ ನೀ ಇದ್ರ ಸುಮ್ಕ ಇರ್ತಿದ್ದೇನು?”

ಸುಮ್ಮನಿರುತ್ತಿರಲಿಲ್ಲವೆಂದು ಅವಳಿಗೂ ಗೊತ್ತಿತ್ತು. ಎದ್ದು ಸಿಂಕಿನ ಬಳಿ ಹೋದಳು. ಅಲ್ಲಿ ಒದ್ದೆ ಗೋಣಿಯಲ್ಲಿ ಉಳಿದ ಗಿಡಗಳು ಬಿದ್ದಿದ್ದವು. ಸಿಟ್ಟು ಬಂದಾಗ ಕೈಗೆ ಸಿಕ್ಕದ್ದನ್ನು ಕಡಿಯುವುದು ಅವಳ ಅಭ್ಯಾಸ. ಅವಳ ಪೆನ್ನುಗಳಿಗೆ ಒಂದಕ್ಕೂ ತುದಿ ಇರಲಿಲ್ಲ. “ಏನ್ ಬೇರೋ ಏನೋ, ನನ್ನ ಪ್ರಾಣಾ ತಿಂದ್ವು!” ಎಂದು ಗೊಣಗುತ್ತ, ತನ್ನ ಪ್ರಾಣ ತಿಂದವನ್ನು ತಾನೂ ಸ್ವಲ್ಪ ತಿನ್ನೋಣವೆಂಬಂತೆ, ಒಂದು ಗಿಡದ ಬುಡದಿಂದ ಬಿಳಿಯ ಎಳೆಯೊಂದನ್ನು ಕಿತ್ತು ಹಲ್ಲಿನಲ್ಲಿಟ್ಟು ಕಡಿದಳು.

ಕಡಿದವಳು ಹಾಗೆಯೇ ನಿಂತಳು. ಅದು ಸಿಹಿಯಾಗಿತ್ತು.

ಇನ್ನೊಂದು ಎಳೆಯನ್ನು ಕಿತ್ತು ಕಡಿದಳು. ನಾರು, ಮಣ್ಣಿನ ವಾಸನೆ, ಥೂ. ಮತ್ತೊಂದು ಕಡಿದಳು. ಸಿಹಿ. ತುದಿಯಲ್ಲಿ ಏನೋ ಪಿಚಕ್ಕೆಂದು ಹಾಲಿನಂತೆ ಒಡೆಯಿತು. ನೀವು ಹುಟ್ಟಿದ ಮೇಲೆ ಎಲ್ಲಾದರೂ ಸಿಹಿ ಬೇರಿನ ಶೇಂಗಾವನ್ನು ಕಂಡಿದ್ದೀರಾ? ಅವಳೂ ಕಂಡಿರಲಿಲ್ಲ.

“ಶ್ರೀಶೈಲಣ್ಣಾ, ಇಲ್ಲಿ ಬಾ. ಬಾಯಿ ತಗಿ.”

“ಯಾಕ? ವಿಷಾ ಹಾಕ್ತಿ ಏನು?”

“ಬಾಯಿ ತಗೀ ಅಂದ್ನೆಪಾ!”

ತೆಗೆದ. ಅವಳು ಒಂದು ಎಳೆಯನ್ನು ಬಾಯಿಗೆ ಹಾಕಿದಳು. ಅವನು ಅಗಿದು, ಕಣ್ಣರಳಿಸಿ, “ಭಾರೀ ರುಚಿ ಐತಲ್ಲಽ! ಎಲ್ಲಿದಿದು?” ಎಂದ.

“ಇದು ನಿನ್ನ ಬೇ…ರು,” ಎಂದಳು ದಾಕ್ಷಾಯಣಿ, ಆ ಶಬ್ದವನ್ನು ಚ್ಯೂಯಿಂಗ್ ಗಮ್ಮಿನಂತೆ ಎಳೆದು. “ಶೇಂಗಾದ ಹೂ ಬಾಡಿದ ಮ್ಯಾಲ ಅದರ ಬುಡದಿಂದ ಸೂಜಿಯಂಥಾ ಎಳಿ ಇಳದು ಮಣ್ಣಾಗ ಹೊಕ್ಕೈತಿಲ್ಲೋ? ಅದರ ತುದಿಗೇ ಇಲ್ಲೋ ಕಾಯಿ ಆಗೋದು? ದೊಡ್ಡ ಕಾಯಿ ಎಲ್ಲಾರೂ ಕೂಡಿ ತಿಂದೇವಿ. ಸಣ್ಣಾವು, ಅಕ್ಕಿಕಾಳಿನಷ್ಟು ಇದ್ದಾವು, ಬೇರಿನ್ಯಾಗ ಸಿಕ್ಕೊಂಡು ಉಳದಾವು. ನೀ ಅವನ್ನೂ ಬೇರಂತ ತಿಳದು ಕುಟ್ಟೀದಿ. ಬೀಜಾ ಕುಟ್ಟಿ ಬೇರಿನ್ಯಾಗ ಬೀಜದ ಜೀನು ಬಂತು ಅಂತ ಕುಣದ್ಯಲ್ಲೋ ಅಣ್ಣಾ!”

ಮೂಲಸಾಮ್ರಾಜ್ಯಸಾರ್ವಭೌಮನು ಒಂದು ಎಳೆಯನ್ನು ಕಿತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟನು. ಒಂದು ಕಣ್ಣಿನಿಂದ ನೋಡಿದನು, ಇನ್ನೊಂದರಿಂದಲೂ ನೋಡಿದನು. ಉಬ್ಬಿದ ತುದಿಯೊಳಗೆ ಹಾಲುಬಣ್ಣದ ಎಳೆಬೀಜವು ನಿಶ್ಚಿಂತೆಯಿಂದ ಮಲಗಿತ್ತು. ಅವನ ಮುಖ ಹುಳಿಮಜ್ಜಿಗೆ ಕುಡಿದಂತಾಯಿತು.

“ಜ್ವಾಳದಾಗ ಹಿಂಗ ಇರೂದಿಲ್ಲ ನೋಡು,” ಎಂದ ಮೆಲ್ಲಗೆ. “ಮಣ್ಣಾಗ ಇದ್ದದ್ದೆಲ್ಲಾ ಬೇರಽ ಇರ್ತಾವ.”

“ಜ್ವಾಳ ಏನ್ ನೆಲದಾಗ ಕಾಯ್ತೈತೇನು?”

“ನಮ್ಮ ಅಪ್ಪನೂ ಹೊಲದಾಗ ಶೇಂಗಾನಽ ಹಾಕ್ತಾನ,” ಎಂದ ಅವನು ಇನ್ನೂ ಮೆಲ್ಲಗೆ. ಅದನ್ನು ಹೇಳಬೇಕಾದ ಅಗತ್ಯವಿರಲಿಲ್ಲ. ಆದರೂ ಹೇಳಿದ, ಪಾಪ.

ಅಯ್ಯಾ, ಅವನೊಬ್ಬನನ್ನೇ ಏಕೆ ಅನ್ನಬೇಕು? ಅದೇ ಬುಡದಿಂದ ಕಾಯಿ ಹರಿದು ತಿಂದವರು ವಿಭಾಗಕ್ಕೆ ವಿಭಾಗವೇ. ಬೆಲ್ಲ ಕಚ್ಚಿಕೊಂಡು ತಿಂದವರು ಪ್ರಾಧ್ಯಾಪಕರು. ಸ್ವತಃ ದಾಕ್ಷಾಯಣಿಯೂ ಬೀಜಕ್ಕಾಗಿ ಅಲ್ಲಿಯೇ ಕೈ ಹಾಕಿದವಳು. ಜೀನಿನ ಗುಟ್ಟನ್ನು ಬಲ್ಲ ಇಷ್ಟು ಜನ ಮಹಾಮಹಿಮರಲ್ಲಿ, ಕಾಯಿ ಎಲ್ಲಿಂದ ಕೈಗೆ ಬಂತೆಂದು ಕೇಳುವಷ್ಟು ಪುರುಸೊತ್ತು ಒಬ್ಬರ ಬಾಯಿಗೂ ಇರಲಿಲ್ಲ. ಬಾಯಿ ತುಂಬಿತ್ತು.

ಅಂದು ಧರ್ಮಯುದ್ಧದ ಕಟ್ಟಳೆ ಮುರಿಯಿತು. ಇಬ್ಬರೂ ಒಂದೇ ತಟ್ಟೆಯ ಎದುರು ಕೂತು, ಚಿಮುಟ ಹಿಡಿದು, ತಾಯಂದಿರು ಮಕ್ಕಳ ತಲೆಯಲ್ಲಿ ಹೇನು ಹುಡುಕುವಂತೆ ಬೇರುಗಳಿಂದ ಎಳೆಗಳನ್ನು ಒಂದೊಂದಾಗಿ ಹುಡುಕಿ ಬಿಡಿಸಿದರು. “ಇಲ್ಲೊಂದೈತಿ ನೋಡ್ರಿ ಅಣ್ಣಾ,” ಎಂದಳು ಅವಳು. ‘ಅಣ್ಣಾ’ನ ಜೊತೆಗೆ ‘ರಿ’ಯೂ ತಿರುಗಿ ಬಂದದ್ದನ್ನು ಕೇಳಿ ಅವನು ಮುಖ ತಗ್ಗಿಸಿ ಆ ಎಳೆಯನ್ನು ಕಿತ್ತ. ಮತ್ತೆ ಹೊಗೆ, ಮತ್ತೆ ಖಲಬತ್ತು, ಮತ್ತೆ ನಡೆಯುವ ಮೇಜು. ಭಾನುವಾರ ಸಂಜೆ ಕತ್ತಲಕೋಣೆಯಲ್ಲಿ ದೀಪ ಹತ್ತಿದಾಗ ಬೀಜದ ಸಾಲು ಧಗಧಗಿಸಿತು. ಬೇರಿನ ಸಾಲು ಅಮಾವಾಸ್ಯೆ.

“ಇಲ್ಲ,” ಎಂದ ಶ್ರೀಶೈಲ. ಸೋತವನ ದನಿಯಲ್ಲಿ ಅಷ್ಟು ಸಮಾಧಾನವನ್ನು ನಾನು ಯಾವ ಯುದ್ಧದಲ್ಲಿಯೂ ಕೇಳಿಲ್ಲ. ದಾಕ್ಷಾಯಣಿ ಅವನ ಬೆನ್ನಿಗೆ ಧಪ್ಪೆಂದು ಒಂದು ಗುದ್ದು ಕೊಟ್ಟು, ನಗುತ್ತ ಅಳುತ್ತ ಹೊರಗೆ ಓಡಿದಳು.

ಸುದ್ದಿ ಕೇಳಿದ ಗಲಗಲಿಯವರು, “ನನಗ ಮೊದಲಽ ಸಂಶಯ ಇತ್ತು,” ಎಂದರು.

“ಮತ್ತ ಯಾಕ ಹೇಳಲಿಲ್ರಿ ಸರ್?”

“ನೀವಽ ಕಂಡಕೋಬೇಕಲ್ಲವಾ. ಅದಕ್ಕ ಸಂಶೋಧನಾ ಅಂತಾರ.” ಆಹಾ! ಇಂಥ ಗುರುಗಳಿದ್ದರೆ ಶಿಷ್ಯರಿಗೆ ಶತ್ರುಗಳು ಬೇಕೇ?

ಶ್ರೀಶೈಲನು ಒಂದೇ ಒಂದು ವರ ಬೇಡಿದ: “ಪ್ರಬಂಧದಾಗ ನನ್ನ ಹೆಸರು ಬರೀಬ್ಯಾಡವಾ. ನಮ್ಮ ಅಪ್ಪಗ ಗೊತ್ತಾದ್ರ ಊರಾಗೆಲ್ಲಾ ಹೇಳಿ ನಗ್ತಾನ.” ಅವಳು ಒಪ್ಪಿದಳು. ಆದರೆ ವಿಧಾನಗಳ ಅಧ್ಯಾಯದಲ್ಲಿ ಸತ್ಯ ಇರಬೇಕಲ್ಲ? ಆ ಬೆಟ್ಟ ಅಗೆದು ಇಲಿ ಹಿಡಿದ ಕಥೆ, ಆ ಘರ್ಜನೆ, ಹೊಗೆ, ಕಣ್ಣೀರು, ಬಾಯಿಗೆ ಹಾಕಿದ ಸಿಹಿ ಎಳೆ, ಎಲ್ಲವನ್ನೂ ಹಿಂಡಿ ಅವಳು ಒಂದೇ ವಾಕ್ಯ ಮಾಡಿದಳು: ‘ಬೇರಿನ ಮಾದರಿಯನ್ನು ತೆಗೆಯುವ ಮುನ್ನ ಅದಕ್ಕೆ ಅಂಟಿದ್ದ ಎಳೆಯ ಕಾಯಿಗಳನ್ನು ಬಿಡಿಸಲಾಯಿತು.’ ಯಾರು ಬಿಡಿಸಿದರು, ಯಾಕೆ ಬಿಡಿಸಿದರು, ಬಿಡಿಸದೇ ಇದ್ದಾಗ ಏನಾಯಿತು ಎಂಬುದಕ್ಕೆ ಆ ವಾಕ್ಯದಲ್ಲಿ ಜಾಗವಿರಲಿಲ್ಲ.

ಸೋಮವಾರ ಸಭೆ ತುಂಬಿತು. ದಾಕ್ಷಾಯಣಿ ಇಳಕಲ್ ಸೀರೆ ಉಟ್ಟು ಬಂದು, ಒಂದೊಂದೇ ಚಿತ್ರ ತೋರಿಸಿ, “ಬೀಜದಲ್ಲಿ ಮಾತ್ರ” ಎಂದು ಗಟ್ಟಿಯಾಗಿ ಹೇಳಿದಳು. ‘ಮಾತ್ರ’ದ ಮೇಲೆ ಯಾರಾದರೂ ಏರಿ ಬಂದಾರೆಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಬರಲಿಲ್ಲ. ಅರ್ಧ ಜನ ತೂಕಡಿಸುತ್ತಿದ್ದರು, ಉಳಿದರ್ಧ ಬಿಸ್ಕೀಟಿನ ತಟ್ಟೆ ಎಲ್ಲಿಗೆ ಬಂತೆಂದು ನೋಡುತ್ತಿದ್ದರು. ಪ್ರಬಂಧವನ್ನು ನಿಜವಾಗಿ ಓದಿಕೊಂಡು ಬಂದಿದ್ದವರು ಒಬ್ಬರೇ, ಕೀಟಶಾಸ್ತ್ರದ ಹಿರಿಯ ಪ್ರಾಧ್ಯಾಪಕರು. ಅವರು ಕನ್ನಡಕ ಏರಿಸಿ, ಹಾಳೆ ತಿರುವಿ, ಕೆಮ್ಮಿದರು.

“ಎಲ್ಲಾ ಚಲೋ ಅದವಾ. ಶಾಬಾಸ್. ಒಂದಽ ತಕರಾರು. ಇಲ್ಲಿ, ವಿಧಾನದಾಗ, ಬೇರಿನಿಂದ ಕಾಯಿ ಬಿಡಿಸಲಾಯಿತು ಅಂತ ಬರದೀಯಲ್ಲಾ, ಇದ್ಯಾಕ? ಶೇಂಗಾಕಾಯಿ ಮಣ್ಣಾಗ ಇರ್ತಾವಂತ ಸಣ್ಣ ಮಕ್ಕಳಿಗೂ ಗೊತ್ತದ. ಬೇರು ತಗೀಬೇಕಾದ್ರ ಕಾಯಿ ಬಿಡಿಸದಽ ಯಾರ ತಗೀತಾರ? ಓದಿದವ್ರು ನಗ್ತಾರ. ಈ ಸಾಲು ತಗದ್ಹಾಕು.”

ಎಂಎಸ್ಸಿ ಸೇನೆ ಸೂರಿನ ಫ್ಯಾನನ್ನು ನೋಡಿತು. ಹಿಂದಿನ ಸಾಲಿನಲ್ಲಿ ಶ್ರೀಶೈಲನು ಬಗ್ಗಿ ಚಪ್ಪಲಿಯ ಬಾರನ್ನು ಬಹಳ ಹೊತ್ತು ಸರಿಪಡಿಸಿದನು. ಗಲಗಲಿಯವರು ಆಗಲೇ ತಲೆಯಾಡಿಸುತ್ತ, “ಹೌದ್ರಿ, ಹೌದ್ರಿ, ನಾನೂ ಅದನ್ನಽ ಹೇಳಿದ್ದೆ,” ಎಂದರು.

“ತಗೀತೀನ್ರಿ ಸರ್,” ಎಂದಳು ದಾಕ್ಷಾಯಣಿ.

ಊಟದ ಹೊತ್ತಿಗೆ ತೆಗೆದಳು. ಸಂಜೆಗೆ ಪ್ರಬಂಧ ಸಲ್ಲಿಕೆಯಾಯಿತು.